ಆಳದ ಮೂರು ಲೈನ್, ಒಂದೇ ಟಿಕೆಟ್ ಹಾಲ್: ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಪ್ರಕರಣ

1987ರ ನವೆಂಬರ್ 18, ಬುಧವಾರ. ಲಂಡನ್ನಿನ ಕಿಂಗ್ಸ್ ಕ್ರಾಸ್ ಸೇಂಟ್ ಪ್ಯಾಂಕ್ರಸ್ ಮೆಟ್ರೋ ನಿಲ್ದಾಣದಲ್ಲಿ ಸಂಜೆ ಏಳೂವರೆಯ ಹೊತ್ತಿಗೆ ಒಂದು ಎಸ್ಕಲೇಟರ್ ಕೆಳಗೆ ಸಣ್ಣದಾಗಿ ಬೆಂಕಿ ಕಾಣಿಸಿತು. ಕಾಲು ಗಂಟೆಯೊಳಗೆ ಅದು ಮೇಲಿದ್ದ ಟಿಕೆಟ್ ಹಾಲಿಗೆ ನುಗ್ಗಿತು. 31 ಜನ ಸತ್ತರು. ಸುಮಾರು ನೂರು ಜನರನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು.

ಈ ಕಥೆಯನ್ನು ಜಾಸ್ತಿ ಜನ ಬೆಂಕಿಕಡ್ಡಿಯಿಂದ ಶುರು ಮಾಡುತ್ತಾರೆ. ಯಾರೋ ಸಿಗರೇಟು ಹಚ್ಚಿಕೊಂಡರು, ಕಡ್ಡಿ ಎಸೆದರು, ನಿಲ್ದಾಣ ಹೊತ್ತಿಕೊಂಡಿತು ಅಂತ. ಅದು ನಿಜವೇ. ಆದರೆ ಅಂಥ ಕಡ್ಡಿಗಳು ಅದಕ್ಕೂ ಮೊದಲು ಎಷ್ಟೋ ಬಿದ್ದಿದ್ದವು. ಈ ಸಲ ಮಾತ್ರ ಇಷ್ಟು ಜನ ಯಾಕೆ ಸತ್ತರು? ಉತ್ತರ ಬೇಕಾದರೆ ಆ ನಿಲ್ದಾಣ ಬೆಳೆದ ರೀತಿಯನ್ನು ನೋಡಬೇಕು. ಒಂದು ಲೈನ್ ಬಿಟ್ಟು ಇನ್ನೊಂದು ಲೈನ್ ಹಿಡಿಯುವ ಜಾಗವನ್ನು ಯಾರೂ ಒಂದೇ ಸಲ ಕೂತು ಯೋಚಿಸಿ ಕಟ್ಟಿರಲಿಲ್ಲ. ಒಂದೊಂದು ಕಾಲದಲ್ಲಿ ಒಂದೊಂದು ಕಂಪನಿ ತನಗೆ ಬೇಕಾದಷ್ಟನ್ನು ತೋಡಿ ಸೇರಿಸುತ್ತಾ ಹೋಗಿತ್ತು.

ಪದರದ ಮೇಲೆ ಪದರ

ಕಿಂಗ್ಸ್ ಕ್ರಾಸ್ ದೊಡ್ಡ ರೈಲು ನಿಲ್ದಾಣ ಶುರುವಾಗಿದ್ದು 1852ರಲ್ಲಿ. ಪಕ್ಕದ ಸೇಂಟ್ ಪ್ಯಾಂಕ್ರಸ್ ಬಂದಿದ್ದು 1868ರಲ್ಲಿ. ಇವೆರಡರ ನಡುವಿನ ಅವಧಿಯಲ್ಲೇ, 1863ರ ಜನವರಿ 10ರಂದು, ಜಗತ್ತಿನ ಮೊದಲ ಸುರಂಗ ರೈಲು ಪ್ಯಾಡಿಂಗ್ಟನ್ನಿನಿಂದ ಫ್ಯಾರಿಂಗ್ಡನ್‌ವರೆಗೆ ಓಡಿತು. ಮೆಟ್ರೊಪಾಲಿಟನ್ ರೈಲ್ವೆ ಅಂತ ಅದರ ಹೆಸರು. ಇಂದು ಜಗತ್ತಿನ ಎಷ್ಟೋ ಊರುಗಳಲ್ಲಿ ಮೆಟ್ರೋ ಅನ್ನುವ ಸಾರಿಗೆಗೆ ಮೊದಲು ಹಳಿ ಬಿದ್ದಿದ್ದು ಇಲ್ಲಿ. ಆ ದಿನ ತೆರೆದ ನಿಲ್ದಾಣಗಳಲ್ಲಿ ಕಿಂಗ್ಸ್ ಕ್ರಾಸ್ ಕೂಡ ಒಂದು. ಆಗ ಎಳೆಯುತ್ತಿದ್ದದ್ದು ಉಗಿ ಎಂಜಿನ್. ರಸ್ತೆಯನ್ನೇ ಅಗೆದು, ಹಳಿ ಹಾಕಿ, ಮೇಲೆ ಕಮಾನು ಕಟ್ಟಿ ಮುಚ್ಚಿದ್ದರು. ಹಾಗಾಗಿ ಆ ಪ್ಲಾಟ್‌ಫಾರ್ಮ್‌ಗಳು ನೆಲದಿಂದ ಸ್ವಲ್ಪವೇ ಕೆಳಗಿದ್ದವು.

ಎರಡನೇ ಪದರ ಬಂದಿದ್ದು ನಲವತ್ತು ವರ್ಷದ ಮೇಲೆ. ಅಷ್ಟರಲ್ಲಿ ವಿದ್ಯುತ್ ರೈಲು ಬಂದಿತ್ತು, ಮಣ್ಣಿನ ಆಳದಲ್ಲಿ ಕೊಳವೆಯಂತೆ ಸುರಂಗ ಕೊರೆಯುವುದನ್ನೂ ಕಲಿತಿದ್ದರು. 1906ರ ಡಿಸೆಂಬರ್ 15ರಂದು ಇಂದಿನ ಪಿಕಡಿಲಿ ಲೈನ್ ತೆರೆಯಿತು. ಮುಂದಿನ ಮೇ ತಿಂಗಳಲ್ಲಿ, 1907ರಲ್ಲಿ, ಇನ್ನೊಂದು ಕಂಪನಿಯ ರೈಲು ಬಂತು. ಅದು ಈಗ ನಾರ್ದರ್ನ್ ಲೈನ್‌ನ ಭಾಗ. ಮೂರು ಲೈನ್, ಮೂರು ಕಂಪನಿ. ಎಲ್ಲರಿಗೂ ತಂತಮ್ಮ ಪ್ರಯಾಣಿಕರೇ ಮುಖ್ಯ. ಆಳದ ಪ್ಲಾಟ್‌ಫಾರ್ಮ್‌ಗಳಿಗೆ ಇಳಿಯಲು ಆಗ ಲಿಫ್ಟ್ ಇತ್ತು.

1933ರಲ್ಲಿ ಲಂಡನ್ನಿನ ಸಾರಿಗೆಯೆಲ್ಲ ಒಂದೇ ಮಂಡಳಿಯ ಕೈಗೆ ಬಂತು. ಆಮೇಲೆ ಒಟ್ಟುಗೂಡಿಸುವ ಕೆಲಸ ಶುರುವಾಯಿತು. 1939ರ ಜೂನ್‌ನಲ್ಲಿ ಪಿಕಡಿಲಿ ಮತ್ತು ನಾರ್ದರ್ನ್ ಲೈನ್‌ಗಳಿಗೆ ಲಿಫ್ಟ್ ಬದಲು ಎಸ್ಕಲೇಟರ್ ಹಾಕಿದರು. ರೈಲು ನಿಲ್ದಾಣದ ಮುಂಭಾಗದ ನೆಲದಡಿ ಈ ಎರಡಕ್ಕೂ ಸೇರಿ ಒಂದು ಟಿಕೆಟ್ ಹಾಲ್ ಆಯಿತು. ಆಗಿನ ಕಾಲಕ್ಕೆ ಇದು ದೊಡ್ಡ ಸುಧಾರಣೆಯೇ. ಲಿಫ್ಟಿಗಾಗಿ ಸಾಲು ನಿಲ್ಲುವುದು ತಪ್ಪಿತು. ಒಂದು ಲೈನಿನಿಂದ ಇನ್ನೊಂದಕ್ಕೆ ಹೋಗುವುದು ಸುಲಭವಾಯಿತು. 1941ರಲ್ಲಿ ಹಳೆಯ ಮೆಟ್ರೊಪಾಲಿಟನ್ ಪ್ಲಾಟ್‌ಫಾರ್ಮ್‌ಗಳನ್ನೂ ಪಶ್ಚಿಮಕ್ಕೆ ಸರಿಸಿ ಹತ್ತಿರ ತಂದರು.

1968ರ ಡಿಸೆಂಬರ್ 1ರಂದು ವಿಕ್ಟೋರಿಯಾ ಲೈನ್ ಇಲ್ಲಿಗೆ ಬಂತು. ಅದಕ್ಕೂ ಹೊಸ ಎಸ್ಕಲೇಟರ್‌ಗಳು ಬಂದವು. ಅವು ಮೇಲೆ ಬಂದು ಸೇರಿದ್ದು ಅದೇ ಟಿಕೆಟ್ ಹಾಲಿಗೆ.

ಈ ಕೊನೆಯ ಮಾತನ್ನು ಗಮನದಲ್ಲಿಡಿ. 1987ರ ಹೊತ್ತಿಗೆ ಇಲ್ಲಿ ಐದು ಲೈನ್ ಸೇರುತ್ತಿದ್ದವು: ಮೆಟ್ರೊಪಾಲಿಟನ್, ಸರ್ಕಲ್, ಪಿಕಡಿಲಿ, ನಾರ್ದರ್ನ್, ವಿಕ್ಟೋರಿಯಾ. ಇವುಗಳಲ್ಲಿ ಆಳದಲ್ಲಿದ್ದ ಮೂರು ಲೈನ್‌ಗಳ ಜನ ರಸ್ತೆಗೆ ಬರಬೇಕಾದರೆ ಆ ಒಂದು ಹಾಲನ್ನು ದಾಟಲೇಬೇಕಿತ್ತು. ನಾರ್ದರ್ನ್ ಲೈನ್‌ನವರು ಮೊದಲು ಪಿಕಡಿಲಿ ಮಟ್ಟಕ್ಕೆ ಹತ್ತಿ, ಅಲ್ಲಿಂದ ಮತ್ತೆ ಮೇಲೆ ಹತ್ತುತ್ತಿದ್ದರು. ದಿನಾ ಓಡಾಡುವವರಿಗೆ ಇದು ಅನುಕೂಲವೇ ಆಗಿತ್ತು. ಹಾಲ್ ಒಂದೇ ಆದ್ದರಿಂದ ದಾರಿ ತಪ್ಪುವ ಹಾಗಿರಲಿಲ್ಲ. ಅಲ್ಲಿಗೇ ತೊಂದರೆ ಬಂದರೆ ಏನು ಮಾಡುವುದು ಅನ್ನುವ ಪ್ರಶ್ನೆಗೆ ಮಾತ್ರ ಉತ್ತರ ಇರಲಿಲ್ಲ.

ಎಸ್ಕಲೇಟರ್ ಕೆಳಗೆ ಏನಿತ್ತು

ಪಿಕಡಿಲಿ ಲೈನ್‌ಗೆ ಇಳಿಯುವ ಎಸ್ಕಲೇಟರ್‌ಗಳು 1939ರವೇ. ಮೆಟ್ಟಿಲಿಗೂ ಮರ, ಪಕ್ಕದ ಹಲಗೆಗೂ ಮರ. ಅರ್ಧ ಶತಮಾನದ ಹತ್ತಿರ ಓಡಿದ್ದವು.

ಮೆಟ್ಟಿಲಿಗೂ ಪಕ್ಕದ ಹಲಗೆಗೂ ನಡುವೆ ಒಂದು ಸಂದು. ಅದರ ಕೆಳಗೆ ಗಾಲಿಗಳು ಓಡುವ ಹಳಿ. ಹಳಿಗೆ ಗ್ರೀಸ್. ಆ ಗ್ರೀಸಿಗೆ ವರ್ಷಗಟ್ಟಲೆ ಬಟ್ಟೆಯ ನಾರು, ಕೂದಲು, ಕಾಗದದ ಚೂರು, ಟಿಕೆಟಿನ ತುಂಡು ಎಲ್ಲ ಅಂಟಿಕೊಂಡು ದಪ್ಪ ಪದರವಾಗಿತ್ತು. ಆ ಜಾಗವನ್ನು ಪೂರ್ತಿಯಾಗಿ ತೊಳೆದು ತೆಗೆದೇ ಇರಲಿಲ್ಲ ಅನ್ನುವುದು ಆಮೇಲೆ ತನಿಖೆಯಲ್ಲಿ ಗೊತ್ತಾಯಿತು.

ಸಿಗರೇಟಿನ ವಿಷಯ ಹೀಗೆ. 1984ರ ಜುಲೈನಲ್ಲಿ ರೈಲಿನೊಳಗೆ ಧೂಮಪಾನ ನಿಷೇಧಿಸಿದರು. ಅದೇ ವರ್ಷ ನವೆಂಬರ್‌ನಲ್ಲಿ ಆಕ್ಸ್‌ಫರ್ಡ್ ಸರ್ಕಸ್ ನಿಲ್ದಾಣದಲ್ಲಿ ಬೆಂಕಿ ಬಿತ್ತು. ಅದು ಕೂಡ ಲೈನ್ ಬದಲಾಯಿಸುವ ದೊಡ್ಡ ನಿಲ್ದಾಣವೇ. ಯಾರೂ ಸಾಯಲಿಲ್ಲ. ಅದಾದ ಮೇಲೆ, 1985ರ ಫೆಬ್ರುವರಿಯಿಂದ, ನೆಲದಡಿಯ ನಿಲ್ದಾಣಗಳಲ್ಲೂ ನಿಷೇಧ ಬಂತು. ಆದರೆ ಮನುಷ್ಯರ ಅಭ್ಯಾಸ ಬೋರ್ಡ್ ಹಾಕಿದ ತಕ್ಷಣ ಹೋಗುತ್ತದಾ? ರೈಲಿಳಿದ ಜನ ಹೊರಗೆ ಹೋಗುವ ಎಸ್ಕಲೇಟರ್ ಹತ್ತಿದ ಕೂಡಲೇ ಸಿಗರೇಟು ಹಚ್ಚಿಕೊಳ್ಳುತ್ತಿದ್ದರು. ಇನ್ನೇನು ಬಯಲಿಗೆ ಬಂದೆವಲ್ಲ ಅಂತ. ಬೆಂಕಿ ತಾಗಬಾರದಿದ್ದ ಮರದ ಮೆಟ್ಟಿಲಿನ ಮೇಲೇ ಕಡ್ಡಿ ಗೀರುವುದು ರೂಢಿಯಾಗಿತ್ತು.

ಇಲ್ಲಿ ಒಂದು ಅಂಕಿ ಹೇಳಲೇಬೇಕು. 1956ರಿಂದ 1988ರವರೆಗೆ ಲಂಡನ್ ಅಂಡರ್‌ಗ್ರೌಂಡ್‌ನಲ್ಲಿ, ಅಂದರೆ ಲಂಡನ್ನಿನ ಮೆಟ್ರೋದಲ್ಲಿ, 46 ಎಸ್ಕಲೇಟರ್ ಬೆಂಕಿಗಳು ದಾಖಲಾಗಿದ್ದವು. ಅವುಗಳಲ್ಲಿ 32ಕ್ಕೆ ಕಾರಣ ಬೀಡಿ, ಸಿಗರೇಟು, ಕಡ್ಡಿಯಂಥವು. ಅಂದರೆ ಇದು ಅನಿರೀಕ್ಷಿತ ಅಂತ ಹೇಳುವ ಹಾಗೇ ಇಲ್ಲ. ಬೆಂಕಿ ಬೀಳುತ್ತಿತ್ತು, ಆರುತ್ತಿತ್ತು, ಮರುದಿನ ಎಲ್ಲರೂ ಕೆಲಸಕ್ಕೆ ಬರುತ್ತಿದ್ದರು. ಸಿಬ್ಬಂದಿ ಅದನ್ನು ಬೆಂಕಿ ಅಂತ ಕರೆಯುತ್ತಲೂ ಇರಲಿಲ್ಲ. ಏನೋ ಹೊಗೆಯಾಡಿತು ಅಂತ ಬರೆದು ಮುಗಿಸುತ್ತಿದ್ದರು. ಹಾಗೆ ಬರೆದಿದ್ದಕ್ಕೆ ಯಾರೂ ಅಗ್ನಿಶಾಮಕ ದಳಕ್ಕೆ ಫೋನ್ ಮಾಡುವುದಿಲ್ಲ ಅಲ್ವಾ?

ಆ ಕಾಲು ಗಂಟೆ

ಏಳೂವರೆಗೆ ಪ್ರಯಾಣಿಕರು ಪಿಕಡಿಲಿ ಎಸ್ಕಲೇಟರ್ ಕೆಳಗೆ ಕೆಂಪಗೆ ಉರಿಯುವುದನ್ನು ಕಂಡು ಸಿಬ್ಬಂದಿಗೆ ಹೇಳಿದರು. ಎಸ್ಕಲೇಟರ್ ನಿಲ್ಲಿಸಿದರು. ಸಿಬ್ಬಂದಿ ಬಂದು ನೋಡಿದರು, ಆದರೆ ಬೆಂಕಿ ಇದ್ದದ್ದು ಮೆಟ್ಟಿಲಿನ ಅಡಿಯಲ್ಲಿ. ಕೈಯಲ್ಲಿದ್ದ ಸಾಧನದಿಂದ ಅಲ್ಲಿಗೆ ತಲುಪಲು ಆಗಲಿಲ್ಲ.

ಇಂಥ ಹೊತ್ತಿಗೆಂದೇ ಎಸ್ಕಲೇಟರ್ ಕೆಳಗೆ ನೀರಿನ ಮಂಜು ಚಿಮ್ಮಿಸುವ ವ್ಯವಸ್ಥೆ ಇತ್ತು. ಸಿಬ್ಬಂದಿಗೆ ಅದನ್ನು ಬಳಸುವ ತರಬೇತಿ ಕೊಟ್ಟಿರಲಿಲ್ಲ. ಆ ಸಂಜೆ ಅದನ್ನು ಯಾರೂ ತಿರುಗಿಸಲಿಲ್ಲ. ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ಸಂಕಟ ಕೊಡುವುದು ಇದೇ. ಉಪಕರಣ ಇತ್ತು, ನೀರು ಇತ್ತು, ಬೆಂಕಿ ಇನ್ನೂ ಚಿಕ್ಕದಿತ್ತು.

ಅಲ್ಲಿದ್ದ ಪೊಲೀಸ್ ಪೇದೆಯ ರೇಡಿಯೋ ನೆಲದಡಿ ಕೆಲಸ ಮಾಡುತ್ತಿರಲಿಲ್ಲ. ಅಗ್ನಿಶಾಮಕ ದಳಕ್ಕೆ ಸುದ್ದಿ ಮುಟ್ಟಿಸಲು ಅವರು ಮೇಲಕ್ಕೆ, ಬೀದಿಗೆ ಓಡಬೇಕಾಯಿತು. 7 ಗಂಟೆ 34 ನಿಮಿಷಕ್ಕೆ ಕರೆ ಹೋಯಿತು.

7.39ಕ್ಕೆ ಜನರನ್ನು ಹೊರಗೆ ಕಳಿಸುವ ತೀರ್ಮಾನವಾಯಿತು. ಪಿಕಡಿಲಿ ಎಸ್ಕಲೇಟರ್‌ನಲ್ಲಿ ಬೆಂಕಿ, ಆದ್ದರಿಂದ ಕೆಳಗಿದ್ದವರನ್ನು ವಿಕ್ಟೋರಿಯಾ ಲೈನಿನ ಎಸ್ಕಲೇಟರ್ ಮೂಲಕ ಮೇಲೆ ಕಳಿಸಲು ಶುರು ಮಾಡಿದರು. ಕೆಳಗೆ ನಿಂತು ಯೋಚಿಸುವವರಿಗೆ ಇದಕ್ಕಿಂತ ಸರಿಯಾದ ತೀರ್ಮಾನ ಇನ್ನೊಂದಿಲ್ಲ. ಬೆಂಕಿ ಇರುವ ಮೆಟ್ಟಿಲು ಬಿಟ್ಟು ಬೇರೆ ಮೆಟ್ಟಿಲಿನಲ್ಲಿ ಹೋಗಿ ಅಂತ ತಾನೇ ಯಾರಾದರೂ ಹೇಳುವುದು? ಆದರೆ ಎರಡೂ ಮೆಟ್ಟಿಲುಗಳು ಹೋಗಿ ಮುಟ್ಟುವ ಹಾಲ್ ಒಂದೇ. ಬೆಂಕಿಯಿಂದ ದೂರ ಹೋಗುತ್ತಿದ್ದೇವೆ ಅಂದುಕೊಂಡ ಜನ ಬೆಂಕಿ ಬರಲಿದ್ದ ಜಾಗಕ್ಕೇ ಹತ್ತಿ ಹೋಗುತ್ತಿದ್ದರು. ಈ ನಡುವೆ, ನಿಲ್ಲಿಸಬೇಡಿ ಅನ್ನುವ ಸೂಚನೆ ಚಾಲಕರಿಗೆ ತಲುಪುವ ತನಕ, ರೈಲುಗಳು ಬಂದು ಜನರನ್ನು ಇಳಿಸುತ್ತಲೂ ಇದ್ದವು.

7.42ಕ್ಕೆ ಅಗ್ನಿಶಾಮಕ ದಳದ ಮೊದಲ ಗಾಡಿಗಳು ಬಂದವು. ಇಳಿದು ನೋಡಿದವರಿಗೆ ಕಂಡದ್ದು ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯಷ್ಟು ಬೆಂಕಿ. ಉಸಿರಾಟದ ಉಪಕರಣ ಹಾಕಿಕೊಂಡು ನೀರು ಹೊಡೆದರೆ ಆರುತ್ತದೆ ಅಂತ ಲೆಕ್ಕ ಹಾಕಿ ತಯಾರಿ ಶುರು ಮಾಡಿದರು.

7.45. ಒಮ್ಮೆಲೇ ಎಸ್ಕಲೇಟರ್‌ನ ಇಳಿಜಾರಿನಿಂದ ಬೆಂಕಿಯ ಜ್ವಾಲೆ ಚಿಮ್ಮಿ ಟಿಕೆಟ್ ಹಾಲಿಗೆ ನುಗ್ಗಿತು. ಹಿಂದೆಯೇ ದಟ್ಟ ಕಪ್ಪು ಹೊಗೆ. ಹಾಲಿನಲ್ಲಿದ್ದ ಹೆಚ್ಚಿನವರಿಗೆ ತಿರುಗಲೂ ಸಮಯ ಸಿಗಲಿಲ್ಲ.

ಸೋಹೋ ಅಗ್ನಿಶಾಮಕ ಠಾಣೆಯ ಅಧಿಕಾರಿ ಕಾಲಿನ್ ಟೌನ್ಸ್ಲಿ ಆಗ ಅಲ್ಲಿದ್ದರು. ಅವರು ಉಸಿರಾಟದ ಉಪಕರಣ ಹಾಕಿಕೊಂಡಿರಲಿಲ್ಲ. ಆಮೇಲೆ ಅವರ ದೇಹ ಸಿಕ್ಕಿದ್ದು ಪ್ಯಾಂಕ್ರಸ್ ರಸ್ತೆಗೆ ಹೋಗುವ ಮೆಟ್ಟಿಲಿನ ಬುಡದಲ್ಲಿ, ಸುಟ್ಟ ಗಾಯಗಳಾಗಿದ್ದ ಒಬ್ಬ ಪ್ರಯಾಣಿಕರ ಪಕ್ಕದಲ್ಲಿ. ಒದ್ದಾಡುತ್ತಿದ್ದವರನ್ನು ಕಂಡು ನಿಂತು, ಜೊತೆಗೆ ಕರೆದುಕೊಂಡು ಹೊರಬರಲು ನೋಡಿರಬೇಕು ಅಂತ ನಂಬಲಾಗಿದೆ. ಅಂಥ ಮನುಷ್ಯನ ಹೆಸರನ್ನು ಹೇಳದೆ ಈ ಪ್ರಕರಣ ಬರೆಯುವುದು ಸರಿಯಲ್ಲ.

ಹಾಲಿನ ದಾರಿ ಮುಚ್ಚಿದ ಮೇಲೆ ಕೆಳಗೆ ಉಳಿದವರನ್ನು ರೈಲುಗಳಲ್ಲಿ ಹತ್ತಿಸಿ ಕಳಿಸಿದರು. ಅವರು ಬದುಕಿದರು. ಮೇಲಕ್ಕೆ ಹತ್ತಿದವರಿಗಿಂತ ಪ್ಲಾಟ್‌ಫಾರ್ಮ್‌ನಲ್ಲೇ ನಿಂತಿದ್ದವರು ಕ್ಷೇಮವಾಗಿದ್ದರು. 150ಕ್ಕೂ ಹೆಚ್ಚು ಸಿಬ್ಬಂದಿ ಹೋರಾಡಿದ ಮೇಲೆ, ಮಧ್ಯರಾತ್ರಿ ದಾಟಿ 1.46ಕ್ಕೆ ಬೆಂಕಿ ಪೂರ್ತಿ ಆರಿತು.

ರಟ್ಟಿನ ಪೆಟ್ಟಿಗೆಯಷ್ಟಿದ್ದದ್ದು ಹೇಗೆ ಹಾಗಾಯಿತು

ತನಿಖೆ ನಡೆಸಿದವರು ಡೆಸ್ಮಂಡ್ ಫೆನೆಲ್ ಅನ್ನುವ ಹಿರಿಯ ವಕೀಲರು. 1988ರ ಫೆಬ್ರುವರಿಯಿಂದ ಜೂನ್‌ವರೆಗೆ 91 ದಿನ ವಿಚಾರಣೆ ನಡೆಯಿತು.

ಮೊದಲು ಯಾರಾದರೂ ಬೇಕೆಂದೇ ಬೆಂಕಿ ಇಟ್ಟರಾ ಅಂತ ನೋಡಿದರು. ಪೆಟ್ರೋಲಿನಂಥ ವಸ್ತುವಿನ ಗುರುತು ಸಿಗಲಿಲ್ಲ. ಪಕ್ಕದ ಹಲಗೆಯ ಎಂಟು ಕಡೆ ಹಳೆಯ ಸುಟ್ಟ ಗುರುತುಗಳಿದ್ದವು, ಹಳಿಯಲ್ಲಿ ಕಡ್ಡಿಗಳೂ ಸಿಕ್ಕವು. ಹಿಂದೆಯೂ ಬೆಂಕಿ ಹತ್ತಿ ತಾನಾಗಿಯೇ ಆರಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ಉರಿಯುವ ಕಡ್ಡಿಯನ್ನು ನಿಜವಾದ ಎಸ್ಕಲೇಟರ್ ಮೇಲೆ ಹಾಕಿ ಪರೀಕ್ಷೆಯನ್ನೂ ಮಾಡಿದರು. ಕೊಳೆ ತುಂಬಿದ ಗ್ರೀಸ್ ಹೊತ್ತಿಕೊಂಡು ಬೆಂಕಿ ಹರಡಲು ಶುರುವಾಯಿತು. ಒಂಬತ್ತು ನಿಮಿಷ ಉರಿಯಲು ಬಿಟ್ಟು ಆರಿಸಿದರು. ಕಡ್ಡಿಯ ವಿಷಯ ಅಲ್ಲಿಗೆ ಇತ್ಯರ್ಥವಾಯಿತು.

ಆದರೆ ಆ ಕೊನೆಯ ಕ್ಷಣದ ಚಿಮ್ಮುವಿಕೆ ಅರ್ಥವಾಗಲಿಲ್ಲ. ಚಾವಣಿಗೆ ವರ್ಷಗಟ್ಟಲೆ ಬಳಿದಿದ್ದ ಬಣ್ಣದ ಪದರಗಳ ಮೇಲೆ ಅನುಮಾನ ಬಂತು. ಸುರಂಗದಲ್ಲಿ ರೈಲು ಬರುವಾಗ ಮುಂದೆ ನೂಕುವ ಗಾಳಿಯ ಮೇಲೂ ಬಂತು. ಗಾಳಿಯ ಪಾತ್ರ ಬಹಳ ಕಡಿಮೆ ಅಂತ ಲೆಕ್ಕದಲ್ಲಿ ಗೊತ್ತಾಯಿತು.

ಆಗ ಹಾರ್ವೆಲ್‌ನ ಅಣುಶಕ್ತಿ ಸಂಶೋಧನಾ ಕೇಂದ್ರದವರು ಕಂಪ್ಯೂಟರ್‌ನಲ್ಲಿ ಆ ಬೆಂಕಿಯನ್ನು ಮರುರೂಪಿಸಿದರು. ಪರದೆಯ ಮೇಲೆ ಬಂದದ್ದನ್ನು ನೋಡಿ ತಜ್ಞರೇ ನಂಬಲಿಲ್ಲ. ಬೆಂಕಿ ಅಂದರೆ ಮೇಲಕ್ಕೆ ಏಳಬೇಕು. ಇಲ್ಲಿ ಜ್ವಾಲೆ ಮಲಗಿಕೊಂಡು, ಎಸ್ಕಲೇಟರ್ ಇಳಿಜಾರಿಗೆ ಅಂಟಿಕೊಂಡು ಓಡುತ್ತಿತ್ತು. ಲೆಕ್ಕದಲ್ಲೇ ಏನೋ ತಪ್ಪಿದೆ ಅಂದರು. ಸರಿ, ಕಟ್ಟಿಯೇ ನೋಡೋಣ ಅಂತ ಬಕ್ಸ್ಟನ್‌ನ ಪ್ರಯೋಗದ ಜಾಗದಲ್ಲಿ ಮೂರನೇ ಒಂದು ಅಳತೆಯ ಎಸ್ಕಲೇಟರ್ ಕಟ್ಟಿ ಬೆಂಕಿ ಹಚ್ಚಿದರು. ಏಳೂವರೆ ನಿಮಿಷ ಅದು ಎಲ್ಲ ಬೆಂಕಿಯಂತೆ ಉರಿಯಿತು. ಆಮೇಲೆ ಜ್ವಾಲೆ ಮಲಗಿತು. ಕಂಪ್ಯೂಟರ್ ಹೇಳಿದ್ದೇ ಸರಿಯಾಗಿತ್ತು.

ಆಗಿದ್ದು ಇಷ್ಟು. ಎಸ್ಕಲೇಟರ್ 30 ಡಿಗ್ರಿ ಓರೆಯಲ್ಲಿದೆ. ಎರಡೂ ಪಕ್ಕ ಗೋಡೆಯಂತೆ ತಡೆ ಇದೆ. ಈ ಕಾಲುವೆಯಂಥ ಜಾಗದಲ್ಲಿ ಬೆಂಕಿಗೆ ಬೇಕಾದ ಗಾಳಿ ಪಕ್ಕದಿಂದ ಬರುವುದಿಲ್ಲ, ಕೆಳಗಿನಿಂದ ಬರುತ್ತದೆ. ಆ ಗಾಳಿ ಜ್ವಾಲೆಯನ್ನು ಮೆಟ್ಟಿಲಿಗೆ ಒತ್ತಿ ಮಲಗಿಸುತ್ತದೆ. ಮಲಗಿದ ಜ್ವಾಲೆ ಮುಂದಿನ ಮರದ ಮೆಟ್ಟಿಲುಗಳನ್ನು ಕಾಯಿಸುತ್ತದೆ. ಕಾದ ಮರದಿಂದ ಉರಿಯುವ ಅನಿಲ ಏಳುತ್ತದೆ. ಕೊನೆಗೆ ಆ ಮೆಟ್ಟಿಲುಗಳೆಲ್ಲ ಹೆಚ್ಚು ಕಡಿಮೆ ಒಟ್ಟಿಗೇ ಹೊತ್ತಿಕೊಂಡು, ಬೆಂಕಿ ಮೇಲಿನ ತುದಿಯಿಂದ ಹೊರಕ್ಕೆ ಚಿಮ್ಮುತ್ತದೆ. ಬೆಂಕಿಯ ವಿಜ್ಞಾನದಲ್ಲಿ ಇದಕ್ಕೆ ಈಗ ಟ್ರೆಂಚ್ ಎಫೆಕ್ಟ್ ಅನ್ನುತ್ತಾರೆ. ಕಿಂಗ್ಸ್ ಕ್ರಾಸ್‌ಗೆ ಮೊದಲು ಇದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೆಳಗೆ ನಿಂತು ರಟ್ಟಿನ ಪೆಟ್ಟಿಗೆಯಷ್ಟು ಬೆಂಕಿ ಅಂತ ಅಂದಾಜು ಮಾಡಿದ ಅಗ್ನಿಶಾಮಕರನ್ನು ತಪ್ಪು ಅನ್ನಲು ಆಗುವುದಿಲ್ಲ. ಕಣ್ಣಿಗೆ ಕಂಡದ್ದು ಅಷ್ಟೇ ಇತ್ತು.

ವರದಿ ಬಂದ ಮೇಲೆ

1988ರ ನವೆಂಬರ್‌ನಲ್ಲಿ ಫೆನೆಲ್ ವರದಿ ಹೊರಬಂತು. 157 ಶಿಫಾರಸುಗಳಿದ್ದವು. ಎಸ್ಕಲೇಟರ್ ಬೆಂಕಿ ಇದ್ದದ್ದೇ, ಅದೇನು ದೊಡ್ಡದಲ್ಲ ಅನ್ನುವ ಆಡಳಿತದ ಮನೋಭಾವವನ್ನು ವರದಿ ಕಟುವಾಗಿ ಟೀಕಿಸಿತು. ಲಂಡನ್ ಸಾರಿಗೆ ಸಂಸ್ಥೆಯ ಮುಖ್ಯಸ್ಥ ಕೀತ್ ಬ್ರೈಟ್ ಮತ್ತು ಅಂಡರ್‌ಗ್ರೌಂಡ್‌ನ ಮುಖ್ಯಸ್ಥ ಟೋನಿ ರಿಡ್ಲಿ ಇಬ್ಬರೂ ಹುದ್ದೆ ಬಿಟ್ಟರು. 1989ರಲ್ಲಿ ನೆಲದಡಿಯ ರೈಲು ನಿಲ್ದಾಣಗಳಿಗೆ ಅಂತಲೇ ಪ್ರತ್ಯೇಕ ಅಗ್ನಿ ಸುರಕ್ಷತಾ ನಿಯಮಗಳು ಬಂದವು. ಎಸ್ಕಲೇಟರ್ ಕೆಳಗೆ ಶಾಖ ಗುರುತಿಸುವ ಸಾಧನ, ತಾನಾಗಿಯೇ ನೀರು ಚಿಮ್ಮುವ ಸ್ಪ್ರಿಂಕ್ಲರ್, ಸಿಬ್ಬಂದಿಗೆ ತರಬೇತಿ, ಇವೆಲ್ಲ ಬಂದವು. ಮರದ ಎಸ್ಕಲೇಟರ್‌ಗಳನ್ನು ಒಂದೊಂದಾಗಿ ತೆಗೆದರು. ಅಂಡರ್‌ಗ್ರೌಂಡ್‌ನ ಕೊನೆಯ ಮರದ ಎಸ್ಕಲೇಟರ್ ಗ್ರೀನ್‌ಫರ್ಡ್‌ನಲ್ಲಿತ್ತು. ಅದು ನೆಲದ ಮೇಲಿನ ನಿಲ್ದಾಣವಾದ್ದರಿಂದ 2014ರವರೆಗೆ ಉಳಿದುಕೊಂಡಿತ್ತು.

ಎಲ್ಲವೂ ಆಗಲಿಲ್ಲ. ನೆಲದಡಿ ರೇಡಿಯೋ ಕೆಲಸ ಮಾಡಬೇಕು ಅನ್ನುವ ಮಾತನ್ನೇ ತೆಗೆದುಕೊಳ್ಳಿ. 2005ರ ಜುಲೈ 7ರಂದು ಲಂಡನ್ನಿನಲ್ಲಿ ಬಾಂಬ್ ಸ್ಫೋಟಗಳಾದವು. ಅವುಗಳಲ್ಲಿ ಒಂದು ಕಿಂಗ್ಸ್ ಕ್ರಾಸ್ ಬಿಟ್ಟು ಹೊರಟ ಪಿಕಡಿಲಿ ಲೈನಿನ ರೈಲಿನೊಳಗೆ. ಆ ದಿನವೂ ಸುರಂಗದೊಳಗೆ ಹೋದವರಿಗೆ ಮೇಲಿನವರ ಜೊತೆ ಮಾತಾಡುವುದು ಕಷ್ಟವಾಯಿತು. ಫೆನೆಲ್ ವರದಿ ಎತ್ತಿ ತೋರಿಸಿದ ಕೊರತೆ ಇಷ್ಟು ವರ್ಷವಾದರೂ ಸರಿಹೋಗಿಲ್ಲ ಅಂತ ಲಂಡನ್ ಅಸೆಂಬ್ಲಿಯ (ನಗರದ ಚುನಾಯಿತ ಸಭೆ) ಸಮಿತಿ ಮುಂದಿನ ವರ್ಷ ಕಟುವಾಗಿ ಹೇಳಿತು. ಕಣ್ಣಿಗೆ ಕಾಣುವ ಮರ ತೆಗೆಯುವ ಕೆಲಸ ನಡೆಯಿತು, ಬೇರೆ ಬೇರೆ ಇಲಾಖೆಗಳು ಕೂತು ಒಪ್ಪಬೇಕಾದ ಕೆಲಸ ಉಳಿಯಿತು. ಹೀಗೆ ಆಗಬಾರದಿತ್ತು.

ಇನ್ನು ಆ ಒಂದೇ ಹಾಲಿನ ವಿಷಯ. ಸುಟ್ಟ ಎಸ್ಕಲೇಟರ್‌ಗಳ ಜಾಗಕ್ಕೆ ಹೊಸವನ್ನು ಹಾಕಿ 1989ರ ಫೆಬ್ರುವರಿ ಕೊನೆಯಲ್ಲಿ ಮತ್ತೆ ತೆರೆದರು. ಆದರೆ ನಿಲ್ದಾಣದ ಆಕಾರ ಹಳೆಯದೇ ಉಳಿಯಿತು. ನಿಜವಾಗಿ ಬದಲಾಗಿದ್ದು ಸೇಂಟ್ ಪ್ಯಾಂಕ್ರಸ್‌ಗೆ ಪ್ಯಾರಿಸ್‌ನ ಯೂರೋಸ್ಟಾರ್ ರೈಲು ಬರುತ್ತದೆ ಅಂತಾದಾಗ. ಅದರ ಜೊತೆಗೇ ಮೆಟ್ರೋ ನಿಲ್ದಾಣವನ್ನು ಹಿಗ್ಗಿಸುವ ಕೆಲಸ ಹಿಡಿದರು. 2006ರಲ್ಲಿ ಪಶ್ಚಿಮದ ಟಿಕೆಟ್ ಹಾಲ್ ತೆರೆಯಿತು. 2007ರ ನವೆಂಬರ್‌ನಲ್ಲಿ ಯೂರೋಸ್ಟಾರ್ ಬಂತು. 2009ರ ನವೆಂಬರ್‌ನಲ್ಲಿ ಉತ್ತರದ ಟಿಕೆಟ್ ಹಾಲ್ ತೆರೆಯಿತು. ಪಿಕಡಿಲಿ, ನಾರ್ದರ್ನ್, ವಿಕ್ಟೋರಿಯಾ ಮೂರಕ್ಕೂ ಅಲ್ಲಿಂದ ಬೇರೆಯೇ ಸುರಂಗ ದಾರಿ, ಬೇರೆಯೇ ಎಸ್ಕಲೇಟರ್‌ಗಳಿವೆ. ಬೆಂಕಿ ಬಿದ್ದು 22 ವರ್ಷವಾಗಿತ್ತು.

ಈಗ ಹ್ಯಾಮರ್‌ಸ್ಮಿತ್ ಆಂಡ್ ಸಿಟಿ ಲೈನನ್ನೂ ಬೇರೆಯಾಗಿ ಎಣಿಸುವುದರಿಂದ ಅಲ್ಲಿ ಸೇರುವ ಲೈನ್‌ಗಳು ಆರು. ಹೊಸದಾಗಿ ಹೋದವರು ಬಾಣದ ಗುರುತು ಹಿಡಿದು ಸುತ್ತಿ ಸುತ್ತಿ ನಡೆಯುವಾಗ ಇದೇನಪ್ಪ ಇಷ್ಟುದ್ದ ದಾರಿ ಅಂತ ಬೇಸರಪಡುತ್ತಾರೆ. ಆ ಉದ್ದದಲ್ಲಿ ಸ್ವಲ್ಪ ಭಾಗ ಬೇಕೆಂದೇ ಕಟ್ಟಿದ್ದು. ಇವತ್ತು ಪಿಕಡಿಲಿ ಪ್ಲಾಟ್‌ಫಾರ್ಮ್‌ನಲ್ಲಿ ಇಳಿದವರಿಗೆ ಒಂದು ಹಾಲ್ ಮುಚ್ಚಿದರೂ ಇನ್ನೊಂದು ಹಾಲಿನಿಂದ ರಸ್ತೆಗೆ ಬರಲು ದಾರಿ ಇದೆ.